ಒಣ ಮಾಂಜ್ರಾದಲ್ಲಿ ನಾನು ಮುಳುಗಿದ ಶನಿವಾರ

ಹೋದ ಶನಿವಾರ ನಾನು ಮಾಂಜ್ರಾ ನದಿಯಲ್ಲಿ ಮುಳುಗಿದೆ.

ನದಿಯಲ್ಲಿ ನೀರಿರಲಿಲ್ಲ.

ಈ ಎರಡನೇ ವಾಕ್ಯವನ್ನು ಯಾರೂ ಕೇಳಿಸಿಕೊಳ್ಳುತ್ತಿಲ್ಲ. ಮೊದಲನೆಯದು ಮಾತ್ರ ಭಾನುವಾರ ಬೆಳಗಾಗುವಷ್ಟರಲ್ಲಿ ಅರ್ಧ ಬೀದರಿಗೆ ತಲುಪಿತ್ತು. ಚಿದ್ರಿಯ ನಮ್ಮ ಓಣಿಯ ಕಿರಾಣಿ ಅಂಗಡಿಯವರು ನನ್ನನ್ನು ಕಂಡವರೇ ತೂಗುತ್ತಿದ್ದ ಸಕ್ಕರೆ ಬಿಟ್ಟು ನನ್ನ ಕಾಲು ನೋಡಿದರು. (ನೆಲದ ಮೇಲೆ ಇವೆಯೋ ಇಲ್ಲವೋ ಎಂದು.) ಚರ್ಚಿನಲ್ಲಿ ಪಾಸ್ಟರು, ಮಹಾ ಪ್ರವಾಹದಿಂದ ನಮ್ಮ ಸಹೋದರಿಯನ್ನು ಎತ್ತಿ ದಡ ಸೇರಿಸಿದ್ದಕ್ಕಾಗಿ ದೇವರಿಗೆ ಸ್ತೋತ್ರ ಸಲ್ಲಿಸಿದರು. ಇಡೀ ಸಭೆ ಆಮೆನ್ ಅಂದಿತು. ನಾನೂ ಅಂದೆ. ಪ್ರಾರ್ಥನೆಯ ನಡುವೆ ಎದ್ದು ನಿಂತು, ಪ್ರವಾಹ ಅಲ್ಲ ಪಾಸ್ಟರೇ, ಬರೀ ಮರಳು ಎಂದು ತಿದ್ದುವುದಕ್ಕಾಗುತ್ತದೆಯೇ?

ಅದಕ್ಕೇ ಇಲ್ಲಿ ಬರೆದುಬಿಡುತ್ತಿದ್ದೇನೆ. ನೀವಾದರೂ ನಡೆದದ್ದನ್ನು ನಡೆದ ಹಾಗೆ ತಿಳಿದುಕೊಳ್ಳಿ.

ಈ ಅಂಕಣ ಓದುವವರಿಗೆ ನಾನು ನರ್ಸ್ ಎಂಬುದು ಗೊತ್ತಿದೆ. ಇಪ್ಪತ್ತೆಂಟು ವರ್ಷ ಜನರಿಗೆ ಸೂಜಿ ಚುಚ್ಚಿದ್ದೇನೆ, ಈಗ ವಾರಕ್ಕೊಮ್ಮೆ ಇಲ್ಲಿ ಚುಚ್ಚುತ್ತೇನೆ. ನರ್ಸುಗಳಿಗೆ ಒಂದು ಕಾಯಿಲೆ ಇರುತ್ತದೆ. ಎಲ್ಲಿ ಹೋದರೂ ಸ್ವಚ್ಛ ಮಾಡಬೇಕು ಅನ್ನಿಸುತ್ತದೆ. ಮದುವೆ ಊಟಕ್ಕೆ ಕೂತರೆ ಪಕ್ಕದವರ ಉಗುರು ಕಾಣಿಸುತ್ತದೆ. ಈ ಕಾಯಿಲೆಗೆ ಔಷಧಿ ಇಲ್ಲ, ವಾಟ್ಸ್ಆ್ಯಪ್ ಗ್ರೂಪ್ ಇದೆ.

ಗ್ರೂಪಿನ ಹೆಸರು 'ಹೊಳಿ ಗೆಳೆಯರು'. ಅಡ್ಮಿನ್ ಸಿದ್ಧಾರ್ಥ ಸರ್. ಬೀದರಿನ ಪಕ್ಕದ ಕೊಳಾರದಲ್ಲಿ ಒಂದು ಗೋದಾಮಿನ ಸೂಪರ್‌ವೈಸರ್. ಒಳ್ಳೆಯ ಮನುಷ್ಯ, ಆದರೆ ಇಪ್ಪತ್ತು ವರ್ಷ ಗೋದಾಮು ನೋಡಿಕೊಂಡ ಮೇಲೆ ಜಗತ್ತೇ ಒಂದು ಗೋದಾಮಿನ ಹಾಗೆ ಕಾಣುತ್ತದೆ ಅವರಿಗೆ. ಎಲ್ಲದಕ್ಕೂ ಲಿಸ್ಟ್ ಬೇಕು, ಲಿಸ್ಟಿನ ಮುಂದೆ ಟಿಕ್ ಬೇಕು. ಅವರ ಮಗಳ ಮದುವೆಯಲ್ಲಿ ಗಂಡಿನ ಹೆಸರಿನ ಮುಂದೆಯೂ ಟಿಕ್ ಹಾಕಿದ್ದರಂತೆ, ಬಂದ ಮೇಲೆ.

ಈ ಸಿದ್ಧಾರ್ಥ ಸರ್ ಇಂಟರ್‌ನೆಟ್ಟಿನಲ್ಲಿ ಒಂದು ಲಿಸ್ಟ್ ಹುಡುಕಿದರು. ನದಿ ಸ್ವಚ್ಛ ಮಾಡಿ, ಆಮೇಲೆ ಅದೇ ನದಿಯಲ್ಲಿ ಸಂತೋಷವಾಗಿ ಒಂದು ಸಂಜೆ ಕಳೆಯುವುದು ಹೇಗೆ ಎಂಬ ಲಿಸ್ಟ್. ಯಾವ ದೇಶದವರು ಬರೆದದ್ದೋ ತಿಳಿಯದು. ಆ ದೇಶದಲ್ಲಿ ನದಿ ಎಂದರೆ ನೀರು ಇರುತ್ತದೆ ಎಂಬುದಂತೂ ಸ್ಪಷ್ಟವಿತ್ತು. ಎಲ್ಲರೂ ಲೈಫ್ ಜಾಕೆಟ್ ಹಾಕಬೇಕು. ನುರಿತ ಈಜುಗಾರ ಹಾಜರಿರಬೇಕು. ಕಾಲು ಗಂಟೆಗೊಮ್ಮೆ ಸೀಟಿ ಊದಿ ತಲೆ ಎಣಿಸಬೇಕು. ಕೊನೆಗೆ ಎಲ್ಲರೂ ನೀರಿನಲ್ಲಿ ಕಾಲಿಟ್ಟು ಮೌನವಾಗಿ ಕೂರಬೇಕು.

ಈ ಸಲ ಸತತ ಎರಡನೇ ವರ್ಷ ಮಳೆ ಕೈಕೊಟ್ಟಿದೆ ಎಂಬುದು ನಿಮಗೂ ಗೊತ್ತು, ನಮಗೂ ಗೊತ್ತು. ಮಾಂಜ್ರಾದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದಾರೆ ಎಂಬುದೂ ಗೊತ್ತು. ನೀರಿಲ್ಲದ ಹೊಳೆಯಲ್ಲಿ ಏನು ತೊಳೆಯುತ್ತೀರಿ ಎಂದು ನಮ್ಮ ಮನೆಯವರು ಕೇಳಿದರು. ನಾನು ಉತ್ತರ ರೆಡಿ ಇಟ್ಟುಕೊಂಡಿದ್ದೆ. ನದಿ ಪಾತ್ರ ಅನ್ನುತ್ತಾರಲ್ಲ, ಪಾತ್ರೆ ಖಾಲಿಯಾದಾಗಲೇ ತಿಕ್ಕುವುದು. ಈ ಮಾತು ಗ್ರೂಪಿನಲ್ಲಿ ಹಾಕಿದೆ. ಮೂವತ್ತು ಜನ ಕೈ ಮುಗಿದರು. ಅಲ್ಲಿಗೆ ನನ್ನ ತಲೆ ತಿರುಗಿತು.

ಶನಿವಾರ ಬೆಳಿಗ್ಗೆ ಏಳಕ್ಕೆ ಒಂದು ಶಾಲಾ ವ್ಯಾನಿನಲ್ಲಿ ಇಪ್ಪತ್ತಾರು ಜನ ಹೊರಟೆವು. ಹಲಬರ್ಗಾ ದಾಟಿ ಮಣ್ಣಿನ ದಾರಿ ಹಿಡಿದು ಮಾಂಜ್ರಾ ದಂಡೆಗೆ ಬಂದಿಳಿದರೆ, ಕಣ್ಣು ಹಾಯುವಷ್ಟು ದೂರ ಬಿಳಿ ಮರಳು. ಟ್ರ್ಯಾಕ್ಟರ್ ಗಾಲಿಯ ಗುರುತು. ಒಂದು ಕೊಕ್ಕರೆ ಯಾವುದೋ ಹಳೆಯ ನೆನಪಿನಲ್ಲಿ ಒಂಟಿಕಾಲಿನಲ್ಲಿ ನಿಂತಿತ್ತು.

ಸಿದ್ಧಾರ್ಥ ಸರ್ ವ್ಯಾನಿನ ಹಿಂದಿನಿಂದ ಮೂಟೆ ಬಿಚ್ಚಿದರು. ಕಿತ್ತಳೆ ಬಣ್ಣದ ಲೈಫ್ ಜಾಕೆಟ್‌ಗಳು. ಯಾರೋ ಕೆರೆಯಲ್ಲಿ ದೋಣಿ ಬಿಡುತ್ತೇವೆಂದು ತರಿಸಿ, ಕೆರೆಯೇ ಒಣಗಿದ್ದರಿಂದ ಸರ್ ಅವರ ಗೋದಾಮಿನಲ್ಲಿ ಬಿಟ್ಟುಹೋದಂಥವು. ಒಂದು ಸಮಸ್ಯೆ ಇತ್ತು. ಎಲ್ಲವೂ ಮಕ್ಕಳ ಸೈಜು.

ನಾನು ಬೇಡ ಅಂದೆ. ಲಿಸ್ಟಿನಲ್ಲಿದೆ ಅಂದರು. ಇಬ್ಬರು ಎಡಬಲಕ್ಕೆ ನಿಂತು ಎಳೆದರು, ಮೂರನೆಯವರು ಬೆಲ್ಟ್ ಬಿಗಿದರು. ಉಸಿರು ಒಳಗೆ ತೆಗೆದುಕೊಳ್ಳಲು ಹೇಳಿದರು, ಹೊರಗೆ ಬಿಡುವುದು ಹೇಗೆಂದು ಹೇಳಲಿಲ್ಲ. ಇಪ್ಪತ್ತಾರು ಜನ ಕಿತ್ತಳೆ ಬಣ್ಣದಲ್ಲಿ ಮರಳಿನ ಮೇಲೆ ಸಾಲಾಗಿ ನಿಂತೆವು. ಏಪ್ರಿಲ್ ತಿಂಗಳು. ಎಂಟು ಗಂಟೆಯ ಬಿಸಿಲು. ಕೊಕ್ಕರೆ ಹಾರಿಹೋಯಿತು.

ಈಜುಗಾರರೂ ಬಂದಿದ್ದರು. ಮೌಲಾಸಾಬ್. ಬೀದರಿನ ಎರಡು ತಲೆಮಾರಿಗೆ ಬಾವಿಗಳಲ್ಲಿ ಈಜು ಕಲಿಸಿದವರು. ಈಗ ಬಾವಿಗಳೇ ಬತ್ತಿ ಎರಡು ವರ್ಷದಿಂದ ಮೈ ನೆನೆಸಿಲ್ಲ. ಸಿದ್ಧಾರ್ಥ ಸರ್ ಕರೆದಾಗ ಟ್ಯೂಬು, ಹಗ್ಗ, ಸೀಟಿ ಎಲ್ಲ ಒರೆಸಿಕೊಂಡು ಬಂದಿದ್ದರಂತೆ. ಹೊಳೆ ನೋಡಿ ಒಂದು ಜಾಲಿ ಗಿಡದ ನೆರಳಿನಲ್ಲಿ ಟ್ಯೂಬಿನ ಮೇಲೆ ಕೂತರು. ಕಾಲು ಗಂಟೆಗೊಮ್ಮೆ ಸೀಟಿ ಊದಿ, ತಲೆ ಎಣಿಸಿ, ಯಾರೂ ಮುಳುಗಿಲ್ಲ ಎಂದು ವರದಿ ಕೊಡುತ್ತಿದ್ದರು. ಸಿದ್ಧಾರ್ಥ ಸರ್ ಟಿಕ್ ಹಾಕುತ್ತಿದ್ದರು.

ಇಷ್ಟೇ ಆಗಿದ್ದರೆ ಸರಿಹೋಗುತ್ತಿತ್ತು. ಆದರೆ ಹೊಳೆಯ ಆಚೆ ದಂಡೆ ಔರಾದ್ ತಾಲ್ಲೂಕು. ಅಲ್ಲಿಂದಲೂ ಒಂದು ತಂಡ ಬಂದಿತ್ತು. ಅದರ ಮುಖ್ಯಸ್ಥರು ಮಾಧವ ಮಾಸ್ತರು, ಔರಾದಿನಲ್ಲಿ ಪಿ.ಟಿ. ಟೀಚರ್. ಈ ಕಡೆಯ ಅರ್ಧ ಹೊಳೆ ನಾವು, ಆ ಕಡೆಯ ಅರ್ಧ ಅವರು ಎಂದು ಒಪ್ಪಂದವಾಗಿತ್ತು. ಯಾರು ಹೆಚ್ಚು ಚೀಲ ಕಸ ತುಂಬುತ್ತಾರೋ ಅವರು ಗೆದ್ದ ಹಾಗೆ.

ನೀರಿಲ್ಲದ ಹೊಳೆಯ ನಡುಮಧ್ಯ ಯಾವುದು, ಹೇಳಿ ನೋಡೋಣ?

ಅರ್ಧ ಗಂಟೆ ಇದೇ ಆಯಿತು. ಮಾಧವ ಮಾಸ್ತರು ಹೆಜ್ಜೆ ಎಣಿಸುತ್ತ ಆ ಕಡೆಯಿಂದ ಬಂದರು, ಸಿದ್ಧಾರ್ಥ ಸರ್ ಹೆಜ್ಜೆ ಎಣಿಸುತ್ತ ಈ ಕಡೆಯಿಂದ ಹೋದರು. ಮಾಸ್ತರರದು ಉದ್ದ ಕಾಲು, ಸರ್ ಅವರದು ಗಿಡ್ಡ ಕಾಲು. ಲೆಕ್ಕ ಹೊಂದಲಿಲ್ಲ. ಕೊನೆಗೆ ಮರಳಿನಲ್ಲಿ ಹೂತಿದ್ದ ಒಂದು ಪ್ಲಾಸ್ಟಿಕ್ ಕುರ್ಚಿಯನ್ನೇ ಗಡಿ ಎಂದು ಒಪ್ಪಿಕೊಂಡರು. ಒಪ್ಪಿಕೊಂಡ ಮರುಕ್ಷಣ ಔರಾದಿನವರೊಬ್ಬರು ಆ ಕುರ್ಚಿಯನ್ನು ಕಿತ್ತು ತಮ್ಮ ಚೀಲಕ್ಕೆ ಹಾಕಿಕೊಂಡರು.

ಕೆಲಸವನ್ನು ಮಾತ್ರ ಎಲ್ಲರೂ ಮನಸ್ಸಿಟ್ಟು ಮಾಡಿದರು, ಸುಳ್ಳು ಹೇಳಬಾರದು. ಹೊಳೆಯಲ್ಲಿ ಏನೆಲ್ಲ ಸಿಕ್ಕಿತು ಗೊತ್ತೇ? ಗುಟ್ಕಾ ಚೀಟಿ, ಸಾರಾಯಿ ಪೊಟ್ಟಣ, ಮದುವೆ ಮಂಟಪದ ಥರ್ಮಾಕೋಲ್ ಆನೆ, ಗಾಜು ಒಡೆದ ದೇವರ ಫೋಟೋ. ಚಪ್ಪಲಿಗಳು ಲೆಕ್ಕವಿಲ್ಲದಷ್ಟು, ಎಲ್ಲವೂ ಎಡಗಾಲಿನವು. (ಬಲಗಾಲಿನವು ಎಲ್ಲಿ ಹೋಗುತ್ತವೆ? ತೆಲಂಗಾಣಕ್ಕೆ ಹರಿದುಹೋಗಿರಬೇಕು.) ನೀರಿದ್ದಾಗ ನಾವು ಹೊಳೆಗೆ ಎಸೆದದ್ದನ್ನೆಲ್ಲ ಹೊಳೆ ಮುಚ್ಚಿಟ್ಟುಕೊಂಡಿತ್ತು. ಈಗ ಹೋಗುವಾಗ ಎಲ್ಲವನ್ನೂ ಹರಡಿ ತೋರಿಸಿ ಹೋಗಿದೆ.

ಹನ್ನೊಂದು ಗಂಟೆಗೆ ಎಣಿಸಿದರೆ ಔರಾದ್ ನಮಗಿಂತ ಮೂರು ಚೀಲ ಮುಂದಿತ್ತು. ಸಿದ್ಧಾರ್ಥ ಸರ್ ಮುಖ ಸಣ್ಣದಾಯಿತು. ಬೀದರದ ಮರ್ಯಾದೆ, ಸಿಸ್ಟರ್, ಎಂದು ನನ್ನ ಮುಂದೆ ನಿಂತರು.

ಅದೇ ಹೊತ್ತಿಗೆ ನನಗೆ ಆ ಮೂಲೆ ಕಾಣಿಸಿತು.

ಒಂದು ಕರಿ ಬಂಡೆಯ ಆಚೆ ಜಾಲಿ ಮುಳ್ಳಿನ ದೊಡ್ಡ ರಾಶಿ. ಮುಳ್ಳಿಗೆ ಸಿಕ್ಕಿಸಿದ ಹಳೆಯ ಸೀರೆಯ ತುಂಡು. ಪಕ್ಕದಲ್ಲಿ ಹಿಡಿ ಮುರಿದ ಒಂದು ಪ್ಲಾಸ್ಟಿಕ್ ಜಗ್ಗು, ಅರ್ಧ ತೆಂಗಿನ ಚಿಪ್ಪು. ಮುಳ್ಳು ಸರಿಸಿದರೆ ಒಳಗೆ ಸೊಂಟದಾಳದ ಮೂರು ಗುಂಡಿಗಳು. ಗುಂಡಿಯ ತಳದಲ್ಲಿ ಗೇಣಷ್ಟು ನೀರು.

ನಿಂತ ನೀರು!

ನರ್ಸ್ ಕಣ್ಣಿಗೆ ನಿಂತ ನೀರು ಬೀಳಬಾರದು, ಬಿದ್ದರೆ ಬಿಡಬಾರದು. ಬಗ್ಗಿ ನೋಡಿದೆ. ಸಣ್ಣಗೆ ಏನೋ ಅಲ್ಲಾಡಿದ ಹಾಗಾಯಿತು. ಸೊಳ್ಳೆ ಮರಿ ಎಂದು ತೀರ್ಪು ಕೊಟ್ಟೆ. (ಕನ್ನಡಕ ವ್ಯಾನಿನಲ್ಲಿತ್ತು ಎಂಬುದನ್ನು ಇಲ್ಲಿ ಮೊದಲ ಬಾರಿಗೆ ಒಪ್ಪಿಕೊಳ್ಳುತ್ತಿದ್ದೇನೆ.) ಕೂಡಲೇ ಎಲ್ಲರನ್ನೂ ಕರೆದು ಐದು ನಿಮಿಷ ಭಾಷಣ ಮಾಡಿದೆ. ಡೆಂಗ್ಯೂ ಹೇಗೆ ಬರುತ್ತದೆ, ದನಕರು ಬಿದ್ದರೆ ಕಾಲು ಹೇಗೆ ಮುರಿಯುತ್ತದೆ, ಎಲ್ಲ ಹೇಳಿದೆ. ಹತ್ತು ಜನ ಸಲಿಕೆ ಹಿಡಿದರು. ಇಪ್ಪತ್ತು ನಿಮಿಷದಲ್ಲಿ ಮೂರೂ ಗುಂಡಿ ಮಾಯ. ಮೇಲೆ ಪೊರಕೆಯಿಂದ ಗುಡಿಸಿ ಸಪಾಟು ಮಾಡಿದೆವು. ನಮ್ಮ ಆಸ್ಪತ್ರೆಯ ವರಾಂಡವೂ ಅಷ್ಟು ಸ್ವಚ್ಛವಿಲ್ಲ.

ಮುಳ್ಳನ್ನು ಕಟ್ಟಿದರೆ ನಾಲ್ಕು ಹೊರೆಯಾಯಿತು. ಸಿದ್ಧಾರ್ಥ ಸರ್ ಒಂದು ಹೊರೆಗೆ ಒಂದು ಚೀಲ ಎಂದು ಬರೆದುಕೊಂಡರು. ಮುಳ್ಳು ಕಸವಲ್ಲ, ನಿಸರ್ಗ ಎಂದು ಮಾಧವ ಮಾಸ್ತರು ತಕರಾರು ತೆಗೆದರು. ಹಾಗಾದರೆ ಪ್ಲಾಸ್ಟಿಕ್ ಕುರ್ಚಿ ಗಡಿ, ಗಡಿಯನ್ನು ಚೀಲಕ್ಕೆ ಹಾಕಿಕೊಳ್ಳುವ ಹಾಗಿಲ್ಲ ಎಂದು ಸರ್ ವಾದಿಸಿದರು. ಮಾಸ್ತರು ತಕರಾರು ಬಿಟ್ಟರು. ಒಂದು ಚೀಲದಿಂದ ನಾವು ಗೆದ್ದೆವು. ಎಲ್ಲರೂ ನನಗೆ ಚಪ್ಪಾಳೆ ತಟ್ಟಿದರು. ನಾನು ಬಗ್ಗಿ ನಮಸ್ಕಾರ ಮಾಡಲು ಹೋದೆ, ಜಾಕೆಟ್ ಬಿಡಲಿಲ್ಲ.

ಊಟಕ್ಕೆ ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ ಇತ್ತು. ನಡುವೆ ನೀರಿಲ್ಲದ್ದರಿಂದ ಔರಾದಿನವರು ನಡೆದುಕೊಂಡೇ ಬಂದು ನಮ್ಮ ಭಜಿ ತಿಂದರು. ಬಿಸಿಲು ಇಳಿಯಲಿ ಎಂದು ಎರಡೂ ತಂಡ ಜಾಲಿ ನೆರಳಿನಲ್ಲಿ ಅಡ್ಡಾದೆವು. ಹಾಗೆ ಮೂರು ಗಂಟೆ ಸುಮಾರಿಗೆ ದಂಡೆಯ ಮೇಲಿಂದ ಐದಾರು ಹೆಂಗಸರು ಕೊಡ ಹೊತ್ತು ಇಳಿದು ಬಂದರು.

ಮುಂದಿದ್ದಾಕೆಯ ಹೆಸರು ಕಮಳಾಬಾಯಿ ಎಂದು ಆಮೇಲೆ ಗೊತ್ತಾಯಿತು. ನಲವತ್ತರ ಆಸುಪಾಸು. ನಡೆಯುವಾಗ ಝಣಝಣ ಸದ್ದು. ಸೊಂಟಕ್ಕೆ ಸಿಕ್ಕಿಸಿದ್ದ ಕೀಲಿಕೈಗಳ ಗೊಂಚಲು ಅದು. ಆಕೆ ನೇರ ಕರಿ ಬಂಡೆಯ ಆಚೆ ಹೋದಳು. ನಿಂತಳು. ಆ ಕಡೆ ಈ ಕಡೆ ನೋಡಿದಳು. ಬಂಡೆಯನ್ನು ಮುಟ್ಟಿ ನೋಡಿದಳು, ತಾನು ಬೇರೆ ಯಾವುದೋ ಹೊಳೆಗೆ ಬಂದೆನೇನೋ ಎಂಬಂತೆ. ಆಮೇಲೆ ನಮ್ಮ ಕಡೆ ತಿರುಗಿದಳು.

"ಇಲ್ಲಿ ನಮ್ಮ ಮೂರು ವರತಿ ಇದ್ದವಲ್ರಿ. ಎಲ್ಲಿ ಹೋದವ್ರಿ?"

ವರತಿ! ಹೊಳೆ ಬತ್ತಿದಾಗ ಮರಳು ತೋಡಿ, ಅಡಿಯಿಂದ ಜಿನುಗುವ ನೀರು ತುಂಬಿಕೊಳ್ಳುವ ಗುಂಡಿ. ನನ್ನ ಅಜ್ಜಿ ಇಂಥದ್ದರ ನೀರು ಕುಡಿದೇ ಎಂಬತ್ತು ವರ್ಷ ಬದುಕಿದಳು. ಆ ಪದ ಕಿವಿಗೆ ಬಿದ್ದದ್ದೇ ಮುಳ್ಳು ಯಾಕೆ, ಜಗ್ಗು ಯಾಕೆ, ಸೀರೆಯ ತುಂಡು ಯಾಕೆ ಎಂಬುದೆಲ್ಲ ಒಟ್ಟಿಗೆ ಹೊಳೆಯಿತು. ಮುಳ್ಳು ನಾಯಿ, ಎಮ್ಮೆ ಬಾಯಿ ಹಾಕದಿರಲಿ ಎಂದು. ಜಗ್ಗು ಮೊಗೆಯಲು. ಬಟ್ಟೆ ಸೋಸಲು. ನಾನು ಒಂದು ಊರಿನ ಕುಡಿಯುವ ನೀರನ್ನು ಪೊರಕೆ ಹಿಡಿದು ಗುಡಿಸಿ ಹಾಕಿದ್ದೆ.

ನಾನು ಏನು ಮಾಡಿದೆ? ಎದ್ದು ತಪ್ಪು ಒಪ್ಪಿಕೊಂಡೆ ಎಂದುಕೊಂಡಿರಾ? ಭಜಿಯ ಕಾಗದವನ್ನು ಬಹಳ ಆಸಕ್ತಿಯಿಂದ ಓದತೊಡಗಿದೆ.

ಆದರೆ ಸಿದ್ಧಾರ್ಥ ಸರ್ ಇದ್ದರಲ್ಲ. ಅವರಿಗೆ ಇನ್ನೂ ತಿಳಿದಿರಲಿಲ್ಲ. ಲಿಸ್ಟ್ ತೆರೆದು, ಅಪಾಯಕಾರಿ ಗುಂಡಿಗಳು ಮೂರು, ಮುಚ್ಚಲಾಗಿದೆ, ಎಂದು ಗಟ್ಟಿಯಾಗಿ ಓದಿದರು. ಯಾರು ಮುಚ್ಚಿದವರು ಎಂದು ಕಮಳಾಬಾಯಿ ಕೇಳಿದಳು. ಇಪ್ಪತ್ತೈದು ಕಿತ್ತಳೆ ಜಾಕೆಟ್‌ಗಳು ನನ್ನ ಕಡೆ ತಿರುಗಿದವು. ಔರಾದಿನವರು ಕೂಡ ತಿರುಗಿದರು.

ಆಕೆ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಒಣ ಮರಳಾಗ ತೇಲೋ ಅಂಗಿ ಹಾಕ್ಕೊಂಡು ನಿಂತವರ ಜತಿ ನಾ ಏನಂತ ಜಗಳಾಡ್ಲಿರಿ," ಎಂದಳು.

ಆಮೇಲೆ ಆಕೆ ಹೇಳಿದ ವಿಷಯ ಇದು. ಟ್ಯಾಂಕರ್ ನಾಲ್ಕು ದಿನಕ್ಕೊಮ್ಮೆ ಬರುತ್ತದೆ, ಆ ನೀರು ಸವಳು, ಪಾತ್ರೆ ಬಟ್ಟೆಗೆ ಸರಿ. ಕುಡಿಯಲು ಈ ವರತಿಯೇ. ಅವರ ವಾಡಿಯಲ್ಲಿ, ಎಂದರೆ ದಂಡೆಯ ಮೇಲಿನ ಪುಟ್ಟ ಹಳ್ಳಿಯಲ್ಲಿ, ಉಳಿದಿರುವುದು ಹತ್ತು ಹನ್ನೆರಡು ಮನೆ. ಮಿಕ್ಕವರು ದೀಪಾವಳಿ ಮುಗಿದದ್ದೇ ಹೈದರಾಬಾದಿಗೆ, ಪುಣೆಗೆ ದುಡಿಯಲು ಹೋಗಿದ್ದಾರೆ. ಹೋಗುವಾಗ ಒಬ್ಬೊಬ್ಬರೇ ಬಂದು ಮನೆಯ ಕೀಲಿಕೈ ಇವಳ ಕೈಯಲ್ಲಿ ಇಟ್ಟು ಹೋದರು. ಹನ್ನೊಂದು ಮನೆ. ಕೀಲಿಕೈ ಜೊತೆಗೆ ಒಬ್ಬರು ಕೋಳಿ ಬಿಟ್ಟರು, ಒಬ್ಬರು ಎರಡು ಆಡು, ಒಬ್ಬರು ಮುದಿ ನಾಯಿ, ಇನ್ನೊಬ್ಬರು ಒಂದು ಕರಿಬೇವಿನ ಗಿಡ. ಎಲ್ಲದಕ್ಕೂ ನೀರು ಈಕೆಯೇ ಹಾಕಬೇಕು. ಇವತ್ತಿನ ರಾತ್ರಿಗೆ ಮನೆಯಲ್ಲಿ ಒಂದು ತಂಬಿಗೆ ಉಳಿದಿದೆ.

ಜಾಕೆಟ್‌ನಲ್ಲಿ ಮೊದಲೇ ಉಸಿರು ಕಟ್ಟುತ್ತಿತ್ತು. ಈಗ ಪೂರ್ತಿ ಕಟ್ಟಿತು.

ತೋಡಿ ಕೊಡುತ್ತೇವೆ ಎಂದೆ. ಈಗಲೇ. ಎಲ್ಲರೂ ಸಲಿಕೆ ಹಿಡಿದು ಎದ್ದರು. ಎದ್ದರೇನು, ಎಲ್ಲಿ ತೋಡುವುದು? ಅಷ್ಟು ಚೆನ್ನಾಗಿ ಗುಡಿಸಿದ್ದೆವು. ಒಂದು ಗುರುತೂ ಉಳಿದಿರಲಿಲ್ಲ. ಸಿದ್ಧಾರ್ಥ ಸರ್‌ಗೆ ನೆನಪಾಯಿತು, ಮುಚ್ಚುವ ಮೊದಲು ಅವರು ಫೋಟೋ ತೆಗೆದಿದ್ದರು. ಎಲ್ಲರೂ ಫೋನಿನ ಮೇಲೆ ಬಗ್ಗಿದೆವು. ಫೋಟೋದಲ್ಲಿ ನಾನು ಸಲಿಕೆ ಹಿಡಿದು ನಗುತ್ತ ನಿಂತಿದ್ದೆ. ಗುಂಡಿಗಳು ನನ್ನ ಹಿಂದೆ ಇದ್ದವು. ನನ್ನ ಹಿಂದೆ ಇದ್ದದ್ದು ಯಾವುದೂ ಕಾಣುತ್ತಿರಲಿಲ್ಲ. ಸಿಸ್ಟರ್ ಸ್ವಲ್ಪ ಸರಿದು ನಿಂತಿದ್ದರೆ, ಎಂದು ಮಾಧವ ಮಾಸ್ತರು ಶುರು ಮಾಡಿ ನನ್ನ ಮುಖ ನೋಡಿ ನಿಲ್ಲಿಸಿದರು.

ಕಮಳಾಬಾಯಿ ಚಪ್ಪಲಿ ಕಳಚಿಟ್ಟಳು. ಬರಿಗಾಲಿನಲ್ಲಿ ನಿಧಾನ ನಡೆದಳು. ಒಂದೆರಡು ಕಡೆ ಹಿಮ್ಮಡಿ ಊರಿದಳು. ಬಗ್ಗಿ ಅಂಗೈ ಇಟ್ಟಳು. ನಮಗೆಲ್ಲ ಒಂದೇ ತರಹ ಸುಡುತ್ತಿದ್ದ ಮರಳು ಆಕೆಗೆ ಒಂದು ಕಡೆ ಕಡಿಮೆ ಸುಟ್ಟಿತು. ಇಲ್ಲಿ, ಎಂದಳು. ಮೊದಲು ಅಗಲ ತೋಡಿ, ಆಮೇಲೆ ಆಳ ಹೋಗಿ, ಇಲ್ಲದಿದ್ದರೆ ಮರಳು ಕುಸಿಯುತ್ತದೆ ಎಂದೂ ಹೇಳಿದಳು.

ಎರಡನೇ ಭಾಗ ನಾನು ಕೇಳಿಸಿಕೊಳ್ಳಲಿಲ್ಲ. ಪಶ್ಚಾತ್ತಾಪದಲ್ಲಿರುವ ಹೆಂಗಸಿಗೆ ಅಗಲ ತೋಡುವಷ್ಟು ಪುರುಸೊತ್ತು ಎಲ್ಲಿರುತ್ತದೆ? ನೇರ ಆಳಕ್ಕೇ ಹೋದೆ. ಮೊಣಕಾಲು ಮುಳುಗಿತು. ತೊಡೆ ಮುಳುಗಿತು. ಕೆಳಗೆ ತಂಪು ತಾಗಿದ ಹಾಗಾಗಿ, ಸಿಕ್ಕಿತು ಎಂದು ಹೇಳಲು ಬಾಯಿ ತೆರೆದೆ. ಸುತ್ತಲಿನ ಮರಳು ಸರ್ರನೆ ಜಾರಿ ನನ್ನ ಸೊಂಟಕ್ಕೆ ಬಂದು ನಿಂತಿತು. ಕಾಲು ಎತ್ತಲು ನೋಡಿದೆ. ಬರಲಿಲ್ಲ. ಜಾಕೆಟ್ಟು ಆ ಗುಂಡಿಯ ಬಾಯಿಗೆ ಬೂಚಿನ ಹಾಗೆ ಕೂತುಬಿಟ್ಟಿತ್ತು.

ಜಾಲಿ ಗಿಡದ ಕೆಳಗೆ ಮೌಲಾಸಾಬ್ ಎದ್ದು ನಿಂತದ್ದು ಕಂಡಿತು.

ಎರಡು ವರ್ಷ ಬತ್ತಿದ ಬಾವಿಗಳ ದಡದಲ್ಲಿ ಕಾದ ಮನುಷ್ಯ ಅವರು. ಬೆಳಗಿನಿಂದ ಹತ್ತಾರು ಸಲ ಯಾರೂ ಮುಳುಗಿಲ್ಲ ಎಂದು ವರದಿ ಕೊಟ್ಟವರು. ಅವರ ಮುಖದಲ್ಲಿ ಆಗ ಬಂದ ಕಳೆಯನ್ನು ನಾನು ಹೆರಿಗೆ ವಾರ್ಡಿನಲ್ಲಿ ಮಾತ್ರ ನೋಡಿದ್ದೇನೆ. ಮೂರು ಉದ್ದ ಸೀಟಿ ಊದಿದರು. ಎಲ್ಲರಿಗೂ ದೂರ ಸರಿಯಲು ಹೇಳಿದರು. ಟ್ಯೂಬ್ ತಲೆಯ ಮೇಲೆ ತಿರುಗಿಸಿ ಎಸೆದರು. ಬಹಳ ಚೆನ್ನಾದ ಗುರಿ. ನೇರ ನನ್ನ ತಲೆಗೆ ಬಂದು ಕೊರಳಿಗೆ ಬಿತ್ತು.

"ಸಿಸ್ಟರ್, ಘಬರಾಬ್ಯಾಡ್ರಿ," ಎಂದರು. "ಕಾಲ್ ಬಡೀರಿ, ಜೋರ್ಸೆ ಬಡೀರಿ."

ಬಡಿದೆ. ನಂಬಿ, ಬಡಿದೆ. ಆ ಹೊತ್ತಿನಲ್ಲಿ ಯಾರು ಏನು ಹೇಳಿದರೂ ಮಾಡುತ್ತಿದ್ದೆ. ಇನ್ನೂ ನಾಲ್ಕು ಬೆರಳು ಕೆಳಗೆ ಹೋದೆ.

ಕೊನೆಗೆ ಹಗ್ಗ ಬಂತು. ಕಂಕುಳ ಕೆಳಗೆ ಕಟ್ಟಿದರು. ಒಂದು ತುದಿ ಬೀದರಿನವರು, ಒಂದು ತುದಿ ಔರಾದಿನವರು ಹಿಡಿದರು. ಎಳೆಯುವ ಲೆಕ್ಕ ಮಾಧವ ಮಾಸ್ತರು ಹೇಳಿದರು, ಪಿ.ಟಿ. ಪಿರಿಯಡ್ಡಿನ ದನಿಯಲ್ಲಿ. ಮೊದಲ ಸಲ ಎರಡೂ ತಂಡ ಎದುರುಬದುರು ಎಳೆದವು. ಅಭ್ಯಾಸಬಲ. ನಾನು ನಡುವೆ ಇದ್ದ ಪ್ಲಾಸ್ಟಿಕ್ ಕುರ್ಚಿಯಾದೆ. ಎರಡನೇ ಸಲ ಎಲ್ಲರೂ ಒಂದೇ ಕಡೆಯಿಂದ ಎಳೆದರು. ಬೆಲ್ಟ್ ಹರಿಯಿತು, ಜಾಕೆಟ್ ಕೆಳಗೆ ಉಳಿಯಿತು, ನಾನು ಮೇಲೆ ಬಂದೆ. ಚಪ್ಪಲಿ ಬರಲಿಲ್ಲ. (ಎಡಗಾಲಿನದು.)

ಮೌಲಾಸಾಬ್ ನನ್ನನ್ನು ಮರಳಿನ ಮೇಲೆ ಬೋರಲು ಮಲಗಿಸಿ ಬೆನ್ನು ಒತ್ತಿ ನೀರು ತೆಗೆಯಲು ಶುರು ಮಾಡಿದರು. ನೀರು ಕುಡಿದಿಲ್ಲ ಎಂದು ನಾನು ಹೇಳುತ್ತಲೇ ಇದ್ದೆ. ಮೊದಲು ಎಲ್ಲರೂ ಹಾಗೇ ಅನ್ನುತ್ತಾರೆ ಎಂದು ಅವರು ಒತ್ತುತ್ತಲೇ ಇದ್ದರು. ಈ ದೃಶ್ಯದ ಫೋಟೋವೇ ನಿಮ್ಮಲ್ಲಿ ಬಹಳ ಮಂದಿ ನೋಡಿರುವುದು.

ಅಷ್ಟರಲ್ಲಿ ಕಮಳಾಬಾಯಿ ಗುಂಡಿಯೊಳಗೆ ಬಗ್ಗಿ ನೋಡುತ್ತಿದ್ದಳು. ನನ್ನ ಕಾಲಿದ್ದ ಜಾಗದಲ್ಲಿ ಮರಳು ಕಪ್ಪಗಾಗಿತ್ತು. ನೋಡುತ್ತಿದ್ದಂತೆ ಹೊಳೆಯತೊಡಗಿತು.

"ನೀವು ಇಳಿದದ್ದು ಚಲೋನೇ ಆಯ್ತ್ರಿ," ಎಂದಳು ನನಗೆ. "ಅರ್ಧ ಮರಳು ನಿಮ್ಮ ಜತಿನೇ ಮ್ಯಾಲ ಬಂತು."

ಆಮೇಲಿನದು ಆಕೆಯ ಆಡಳಿತ. ಪಕ್ಕದಲ್ಲೇ ಇನ್ನೆರಡು ಜಾಗ ತೋರಿಸಿದಳು. ಆಕೆ ಹೇಳಿದಂತೆ ಮೂರನ್ನೂ ಮೊದಲು ಅಗಲ ತೋಡಿದೆವು, ಆಮೇಲೆ ಆಳ. ಜಾಕೆಟ್ ಎಲ್ಲರೂ ಬಿಚ್ಚಿ ಎಸೆದರು. ಸಿದ್ಧಾರ್ಥ ಸರ್ ಒಮ್ಮೆ ಲಿಸ್ಟ್ ನೋಡಿದರು, ಒಮ್ಮೆ ಕಮಳಾಬಾಯಿಯನ್ನು ನೋಡಿದರು, ಲಿಸ್ಟ್ ಜೇಬಿಗಿಟ್ಟರು. ಮೊದಲು ಬಂದ ನೀರು ರಾಡಿ, ಅದನ್ನು ಮೂರು ಸಲ ಮೊಗೆದು ಚೆಲ್ಲಬೇಕು. ಆಮೇಲೆ ಸುಮ್ಮನೆ ಕಾಯಬೇಕು. ಅವಸರ ಮಾಡುವ ಹಾಗಿಲ್ಲ. ವರತಿಯ ನೀರು ತನ್ನ ಪಾಡಿಗೆ ಬರುತ್ತದೆ, ಸೂಪರ್‌ವೈಸರ್ ಇದ್ದರೂ ಇಲ್ಲದಿದ್ದರೂ.

ಹಾಗೆ ಗುಂಡಿಗಳ ಸುತ್ತ ಎಲ್ಲರೂ ಕೂತೆವು. ಬೀದರ, ಔರಾದ್, ವಾಡಿಯ ಹೆಂಗಸರು, ಒಟ್ಟಿಗೆ. ಬಿಸಿಲು ಇಳಿದಿತ್ತು. ಉಳಿದ ಸುಸಲಾ ಹಂಚಿಕೊಂಡೆವು. ನಾನು ಮುಳುಗಿದ್ದನ್ನು ಒಬ್ಬೊಬ್ಬರೂ ಒಂದೊಂದು ಸಲ ನಟಿಸಿ ತೋರಿಸಿದರು. ಕಮಳಾಬಾಯಿಯ ಜೊತೆಗಿದ್ದ ಹೆಂಗಸೊಬ್ಬಳು ನಕ್ಕು ನಕ್ಕು ಕೊಡದ ಮೇಲೆ ಒರಗಿದಳು. ಕೂತು ಕೂತು ತಳದಲ್ಲಿ ಬೊಗಸೆ ನೀರು ಕಂಡಾಗ ಇಷ್ಟು ಜನ ಒಟ್ಟಿಗೆ ಬಗ್ಗಿ ನೋಡಿದೆವಲ್ಲ, ಹೊಳೆ ತುಂಬಿ ಹರಿದಾಗಲೂ ನಾನು ಅದನ್ನು ಅಷ್ಟು ಹೊತ್ತು ನೋಡಿರಲಿಲ್ಲ.

ಆಗ ಕಮಳಾಬಾಯಿಯ ಫೋನು ಬಡಿಯಿತು. ಪುಣೆಯಿಂದ ಯಾರೋ ಸುಮಿತ್ರಾ. ಕೋಳಿ ಬಿಟ್ಟು ಹೋದವಳು. ಹತ್ತಿರದಲ್ಲೇ ಕೂತಿದ್ದರಿಂದ ಆ ಕಡೆಯ ದನಿಯೂ ಸಣ್ಣಗೆ ಕೇಳಿಸುತ್ತಿತ್ತು. ಕೋಳಿಗಳು ಚೆನ್ನಾಗಿವೆ, ಎರಡು ಕಾವಿಗೆ ಕೂತಿವೆ ಎಂದು ಕಮಳಾಬಾಯಿ ಹೇಳಿದಳು. ಎಲ್ಲಿದ್ದೀ ಎಂಬ ಪ್ರಶ್ನೆ ಬಂದಿರಬೇಕು. ಇಲ್ಲೇ ಹೊಳೆಯಲ್ಲಿ, ಬೀದರದ ಸಿಸ್ಟರ್ ಒಬ್ಬರು ಮುಳುಗಿದ್ದರು, ಎಳೆಯಲು ಬಂದಿದ್ದೆ ಎಂದು ನಗುತ್ತ ಹೇಳಿದಳು.

ಆ ಕಡೆಯಿಂದ ಆ ಹೆಂಗಸು ಕೇಳಿದ್ದು ನನಗೂ ಕೇಳಿಸಿತು.

"ಹೊಳಿಗಿ ನೀರು ಬಂತೇನಕ್ಕಾ? ನಾವು ಬರೋಣೇನು?"

ಕಮಳಾಬಾಯಿಯ ನಗು ನಿಂತಿತು. ಸೊಂಟದ ಕೀಲಿಗೊಂಚಲಿನಲ್ಲಿ ಒಂದು ಕೀಲಿಕೈಯನ್ನು ಬೇರೆ ಮಾಡಿ ಹಿಡಿದುಕೊಂಡಳು. ಅದು ಸುಮಿತ್ರಾಳದೇ ಇರಬೇಕು.

"ಇಲ್ಲ ತಂಗಿ, ಇನ್ನಾ ಇಲ್ಲ," ಎಂದಳು. "ಬಂದ್ರ ನಾನೇ ಫೋನ್ ಮಾಡ್ತೇನಿ."

ಆ ಕಾಲು ಗಂಟೆಗೆ ಮೌಲಾಸಾಬ್ ಸೀಟಿ ಊದಲಿಲ್ಲ.

ಆರು ಗಂಟೆಯ ಹೊತ್ತಿಗೆ ಮೂರು ವರತಿಯಿಂದ ಸೋಸಿ ಸೋಸಿ ಐದು ಕೊಡ ತುಂಬಿತು. ದಿನಾ ಇಷ್ಟು ಹೊತ್ತಿಗೆ ಎಂಟು ತುಂಬುತ್ತಿತ್ತಂತೆ. ಮೂರು ಕೊಡ ನನ್ನ ಸ್ವಚ್ಛತೆಯ ಖಾತೆಗೆ. ವ್ಯಾನಿನಲ್ಲಿದ್ದ ನಮ್ಮ ಕುಡಿಯುವ ನೀರಿನ ಕ್ಯಾನ್ ಎರಡನ್ನೂ ಅವರ ಬಾಗಿಲಿಗೆ ಇಳಿಸಿದೆವು. ಸಿದ್ಧಾರ್ಥ ಸರ್ ಭಾನುವಾರವೂ, ಸೋಮವಾರವೂ ತಮ್ಮ ಖರ್ಚಿನಲ್ಲೇ ಇನ್ನಷ್ಟು ಕ್ಯಾನ್ ಕಳಿಸಿದರು. ಅದನ್ನು ಅವರು ಗ್ರೂಪಿನಲ್ಲಿ ಹಾಕಲಿಲ್ಲ, ನಾನು ಇಲ್ಲಿ ಹಾಕುತ್ತಿದ್ದೇನೆ.

ಹೊರಡುವ ಮೊದಲು ವ್ಯಾನಿನ ಮೇಲೆ ಏರಿಸಿದ್ದ ಮುಳ್ಳಿನ ಹೊರೆಗಳನ್ನು ಇಳಿಸಿ, ಬಿಚ್ಚಿ, ವರತಿಗಳ ಸುತ್ತ ಮೊದಲಿದ್ದ ಹಾಗೇ ಒಟ್ಟಿದೆವು. ಮುಳ್ಳನ್ನು ಕಟ್ಟುವುದಕ್ಕಿಂತ ಬಿಚ್ಚುವುದು ಕಷ್ಟ ಎಂಬುದು ನನ್ನ ಎರಡೂ ಅಂಗೈಗಳ ಅನುಭವ. ಜಗ್ಗು ಹುಡುಕಲು ಒಂಬತ್ತು ಚೀಲ ಮಗುಚಿದೆವು, ಸಿಕ್ಕಿತು. ಸೀರೆಯ ತುಂಡು ಸಿಗಲಿಲ್ಲ. ನನ್ನ ದುಪಟ್ಟಾ ಕೊಟ್ಟೆ. ಕಮಳಾಬಾಯಿ ಅದನ್ನು ಬೆಳಕಿಗೆ ಹಿಡಿದು ನೋಡಿ, ನೇಯ್ಗೆ ಸಡಿಲ ಇದೆ, ಎರಡು ಮಡಿಕೆ ಮಾಡಬೇಕು ಎಂದಳು.

ಮಾಧವ ಮಾಸ್ತರು ಮಾತ್ರ ಪಟ್ಟು ಬಿಡಲಿಲ್ಲ. ಮುಳ್ಳು ವಾಪಸ್ ಹೋದ ಮೇಲೆ ಬೀದರದ ಲೆಕ್ಕದಲ್ಲಿ ನಾಲ್ಕು ಚೀಲ ಕಡಿಮೆ ಮಾಡಬೇಕು ಎಂದರು. ಮಾಡಿದೆವು. ಔರಾದ್ ಗೆದ್ದಿತು. ಅವರು ಚಪ್ಪಾಳೆ ತಟ್ಟಿಕೊಳ್ಳುತ್ತಲೇ ಹೊಳೆ ದಾಟಿ ಹೋದರು.

ವ್ಯಾನಿನಲ್ಲಿ ಕೂತು ಯೋಚಿಸಿದೆ. ಬಾರಿ ಬಾರಿಗೂ ನಾವು ಹೀಗೇ ಅಲ್ಲವೇ? ಎಲ್ಲಿಯೋ ಇಳಿಯುತ್ತೇವೆ. ನಮಗೆ ಅರ್ಥವಾಗದ್ದೆಲ್ಲ ಕಸ ಎಂದು ತೀರ್ಮಾನಿಸುತ್ತೇವೆ. ಎತ್ತಿ ಹಾಕಿ ಫೋಟೋ ತೆಗೆಸಿಕೊಂಡು, ಭಜಿ ತಿಂದು ವಾಪಸ್ ಬರುತ್ತೇವೆ. ಆ ದಿನ ನಾವು ಊಟ ಮಾಡಿ ಎರಡಕ್ಕೇ ಹೊರಟುಬಿಟ್ಟಿದ್ದರೆ? ಕಮಳಾಬಾಯಿಗೆ ಕೇಳಲೂ ಯಾರೂ ಸಿಗುತ್ತಿರಲಿಲ್ಲ. ನನಗೆ ಚಪ್ಪಾಳೆ ಮಾತ್ರ ಉಳಿದಿರುತ್ತಿತ್ತು. ಇದನ್ನು ನೆನೆದರೆ ಈಗಲೂ ಸೊಂಟದವರೆಗೆ ಮರಳು ಬಂದ ಹಾಗಾಗುತ್ತದೆ.

ಇಷ್ಟೆಲ್ಲ ಆದ ಮೇಲೆ ನಾವು ಪಾಠ ಕಲಿತಿರುತ್ತೇವೆ ಎಂದು ನೀವು ನಿರೀಕ್ಷಿಸುವುದು ಸಹಜ. ನಾನೂ ನಿರೀಕ್ಷಿಸಿದ್ದೆ. ನಿನ್ನೆ ಗ್ರೂಪಿನಲ್ಲಿ ಸಿದ್ಧಾರ್ಥ ಸರ್ ಅವರ ಹೊಸ ಮೆಸೇಜ್ ಬಂದಿದೆ. ಭಾಲ್ಕಿ ಹತ್ತಿರ ಯಾವುದೋ ಹೊಲದಲ್ಲಿ ಒಂದು ಹಳೆಯ ಬಾವಿ ನೋಡಿ ಬಂದಿದ್ದಾರಂತೆ, ಬಹಳ ಗಲೀಜಾಗಿದೆಯಂತೆ, ಹಗ್ಗ, ಮಡಕೆ ಚೂರು, ಕಲ್ಲು ಎಲ್ಲ ಬಿದ್ದಿದೆಯಂತೆ, ಈ ಸಲ ಹೆಲ್ಮೆಟ್ ತರಿಸುತ್ತಾರಂತೆ. ಆಗಲೇ ಮೂವತ್ತು ಜನ ಕೈ ಮುಗಿದಿದ್ದಾರೆ.

ನಾನು ಒಂದೇ ಸಾಲು ಬರೆದು ಹಾಕಿದ್ದೇನೆ: ಸರ್, ಆ ಬಾವಿಗೆ ಹಗ್ಗ ಬಿಟ್ಟವರು ಯಾರೆಂದು ಕೇಳಿದ್ದೀರಾ?